ಅಪ್ಪ ಓದಿದ ವರದಿ

ಮೇ 3, ಶನಿವಾರ

ನಿನ್ನೆ ಹತ್ತನೇ ಕ್ಲಾಸಿನ ರಿಸಲ್ಟ್ ಬಂತು. ಶೇಕಡಾ ಎಂಬತ್ತೊಂಬತ್ತು. ಅಮ್ಮ ಅಂಗನವಾಡಿಯಿಂದ ಬರುವಾಗಲೇ ಮೈಸೂರುಪಾಕು ಕಟ್ಟಿಸಿಕೊಂಡು ಬಂದು ಓಣಿಗೆಲ್ಲ ಹಂಚಿದಳು. ಅಪ್ಪ ಗಣಿತದ ಅಂಕವನ್ನು ಮಾತ್ರ ತಮ್ಮ ಶಾಲೆಯ ಗ್ರೂಪಿಗೆ ಹಾಕಿದರು. ಸಮಾಜ ವಿಜ್ಞಾನದಲ್ಲಿ ಬಂದದ್ದು ಗ್ರೂಪಿಗೆ ಹಾಕುವಂಥದ್ದಲ್ಲ, ಅದು ನನಗೂ ಗೊತ್ತು. ಆದರೂ ಮಗಳನ್ನು ಹೀಗೆ ಸೋಸಿ ತೋರಿಸಬಾರದು.

ಬಂದವರೆಲ್ಲ ಕೇಳುವುದು ಒಂದೇ. ಮುಂದೇನು? ನನಗೆ ನಗು ಬರುತ್ತದೆ, ಯಾಕೆಂದರೆ ಅದು ಅಪ್ಪನ ಶಿಬಿರದ ಹೆಸರು. ಅಪ್ಪ ನ್ಯಾಮತಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಹೊನ್ನಾಳಿಯಿಂದ ದಿನಾ ಬೈಕಿನಲ್ಲಿ ಹೋಗಿಬರುತ್ತಾರೆ. ಬೇಸಿಗೆಯ ಭಾನುವಾರಗಳಲ್ಲಿ ಮಾತ್ರ ನಾಲ್ಕು ತಾಲ್ಲೂಕಿಗೆ ಮೇಷ್ಟ್ರು. ಚನ್ನಗಿರಿಯೋ ಜಗಳೂರೋ, ಎಲ್ಲಿ ಅಂಬೇಡ್ಕರ್ ಭವನ ಖಾಲಿ ಇರುತ್ತದೋ ಅಲ್ಲಿ ‘ಮುಂದೇನು?’ ಎಂದು ಬ್ಯಾನರ್ ಕಟ್ಟಿ, ಹತ್ತನೇ ಕ್ಲಾಸು, ಪಿಯುಸಿ ಮುಗಿಸಿದ ಮಕ್ಕಳಿಗೆ ಮುಂದೆ ಏನು ಓದಬೇಕು ಎಂದು ಹೇಳಿಕೊಡುತ್ತಾರೆ. ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ. ಲ್ಯಾಪ್‌ಟಾಪು, ಪ್ರೊಜೆಕ್ಟರು, ವೈರು ನನ್ನ ಜವಾಬ್ದಾರಿ.

ಈ ವರ್ಷ ಎಲ್ಲರ ಬಾಯಲ್ಲೂ ಎಐ. ಅದು ಬಂದರೆ ನಮ್ಮ ಮಕ್ಕಳಿಗೆ ಕೆಲಸ ಉಳಿಯುತ್ತಾ ಎಂದು ತಂದೆತಾಯಿ ಕೇಳುತ್ತಾರೆ. ಅಪ್ಪನ ಉತ್ತರ ನನಗೆ ಬಾಯಿಪಾಠವಾಗಿದೆ: ‘ಹೆದರಿಕೊಂಡು ಕೋರ್ಸ್ ಆರಿಸಬೇಡಿ. ಹೆದರಿಕೆ ಹೇಳಿದ ಕೋರ್ಸನ್ನು ಜೀವನಪೂರ್ತಿ ಹೆದರಿಕೊಂಡೇ ಓದಬೇಕಾಗ್ತದೆ. ನಿಮ್ಮ ಮನಸ್ಸು ಎಲ್ಲಿ ನಿಲ್ತದೋ ಅಲ್ಲಿಗೆ ಹೋಗಿ, ಮಷೀನನ್ನೂ ಅಲ್ಲೇ ಕಲಿತುಕೊಳ್ಳಿ.’ ಇಷ್ಟು ಹೇಳಿ ನೀರು ಕುಡಿಯುತ್ತಾರೆ. ಆಗ ಚಪ್ಪಾಳೆ ಬೀಳುತ್ತದೆ. ನಾನೂ ತಟ್ಟುತ್ತೇನೆ, ಪ್ರತಿ ಸಲ.

ನನ್ನ ಮನಸ್ಸು ನಿಂತಿರುವುದು ಸಿವಿಲ್ ಡಿಪ್ಲೊಮಾದಲ್ಲಿ. ಕಳೆದ ವರ್ಷ ಜಗಳೂರು ಕಡೆ ಅಜ್ಜಿಯ ಊರಿಗೆ ಹೋದಾಗ ಇಬ್ಬರು ಅಣ್ಣತಮ್ಮಂದಿರ ಹೊಲ ಅಳೆಯಲು ಸರ್ವೆಯರ್ ಬಂದಿದ್ದರು. ದುರ್ಗಾಂಬಿಕಾ ಮೇಡಂ. ತಲೆಗೆ ಟವೆಲ್ ಸುತ್ತಿಕೊಂಡು, ಕಾಲಿಗೆ ಬೂಟು ಹಾಕಿಕೊಂಡು ಬಿಸಿಲಿನಲ್ಲಿ ನಡೆದದ್ದೇ ನಡೆದದ್ದು. ಅಳತೆಯ ಕೋಲು ಹಿಡಿದುಕೊಳ್ಳಲು ಒಬ್ಬರು ಬೇಕೆಂದರು, ನಾನು ಹೋದೆ. ಸಂಜೆಯವರೆಗೆ ಹಿಡಿದುಕೊಂಡೆ. ಇಡೀ ಹೊಲ ಕಾಗದದ ಮೇಲೆ ಬಂದು ಕೂತದ್ದನ್ನು ನೋಡಿ ನನಗೆ ಊಟವೇ ಬೇಡವಾಯಿತು. ಅವತ್ತಿನಿಂದ ಇದೇ ತಲೆಯಲ್ಲಿದೆ.

ಅಪ್ಪನಿಗೆ ನಿನ್ನೆ ಹೇಳಿದೆ. “ಒಳ್ಳೇದೇ ಪುಟ್ಟಿ. ಭಾನುವಾರ ಜಗಳೂರು ಶಿಬಿರ ಮುಗಿಸ್ಕಂಡು ಬರ್ತೀನಿ, ಬಂದ ಮ್ಯಾಲೆ ಅರ್ಜಿ ಹಾಕೋಣ” ಎಂದರು. ಇಷ್ಟು ಸಲೀಸಾಗಿ ಆಗುತ್ತದೆಂದು ನಾನು ಎಣಿಸಿರಲಿಲ್ಲ.

ಅಜ್ಜಿಯ ಫೋನೂ ಬಂತು. ನಮ್ಮ ಅಜ್ಜಿ ಹೊನ್ನೂರಮ್ಮನವರ ಸಲಹೆ ಏನೆಂದರೆ, ಊರ ದುರ್ಗಮ್ಮನ ಹತ್ತಿರ ಹೂವು ಕೇಳಿ ನನ್ನನ್ನು ಕಾಲೇಜಿಗೆ ಸೇರಿಸಬೇಕು. ಪೂಜಾರಿ ಬೇರೆ ಯಾರೂ ಅಲ್ಲ, ನಮ್ಮ ತಿಪ್ಪೇಶಪ್ಪ ಮಾವ. ದೇವರ ಎರಡು ಭುಜಕ್ಕೂ ಒದ್ದೆ ಹೂವು ಅಂಟಿಸಿ, ಮನಸ್ಸಿನಲ್ಲಿರುವುದನ್ನು ಕೇಳಿಕೊಂಡು ನಿಲ್ಲುವುದು. ಬಲಗಡೆಯದು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ನಮ್ಮ ಕಡೆ ಮದುವೆ, ಮನೆ, ಬೋರ್‌ವೆಲ್ಲು ಎಲ್ಲ ಹೂವು ಕೇಳಿಯೇ ಆಗುವುದು. ನಮ್ಮ ಮನೆಯಲ್ಲಿ ಮಾತ್ರ ಇಲ್ಲ. ಇಲ್ಲಿ ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರು. ಯಾರಾದರೂ ದೇವರ ಮಾತೆತ್ತಿದರೆ ಅಪ್ಪ ‘ಪುರಾವೆ?’ ಎಂದು ಕೈ ಚಾಚುತ್ತಾರೆ. ಇವತ್ತೂ ಫೋನು ಕಸಿದುಕೊಂಡು, “ಅವ್ವಾ, ಒದ್ದೆ ಹೂವು ಒಣಗಿದ ಮ್ಯಾಲೆ ಬೀಳಲೇಬೇಕು. ಅದಕ್ಕೆ ಗುರುತ್ವಾಕರ್ಷಣೆ ಅಂತಾರೆ. ಏಳನೇ ಕ್ಲಾಸಿನ ಪಾಠ” ಎಂದರು. ಅಜ್ಜಿ ಆ ಕಡೆಯಿಂದ, “ನೀನು ಏಳನೇ ಕ್ಲಾಸು ಪಾಸಾಗ್ಲಿ ಅಂತಾನೂ ನಾನು ಹೂವು ಕೇಳಿದ್ದೆ ಕಣಪ್ಪ” ಎಂದಿತು. ಅಮ್ಮನೂ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮೇ 4, ಭಾನುವಾರ

ಅಪ್ಪ ಬೆಳಗ್ಗೆಯೇ ಜಗಳೂರಿಗೆ ಹೋದರು. ನನಗೆ ಜ್ವರ, ಹೋಗಲಿಲ್ಲ. ರಾತ್ರಿ ಅಜ್ಜಿಯ ಮನೆಯಲ್ಲಿ ಉಳಿದು ನಾಳೆ ಬರುತ್ತಾರಂತೆ. ನಾನಿಲ್ಲದೆ ಪ್ರೊಜೆಕ್ಟರ್ ಹಚ್ಚಲು ಏನು ಪಾಡುಪಟ್ಟರೋ.

ಮೇ 6, ಮಂಗಳವಾರ

ಬೇಡವಂತೆ.

ಅಪ್ಪ ನಿನ್ನೆ ಬಂದಾಗಿನಿಂದ ಸುಮ್ಮನಿದ್ದರು. ಬಿಸಿಲಿಗೆ ಹಾಗಾಗಿದೆ ಎಂದುಕೊಂಡೆ. ಇವತ್ತು ಊಟವಾದ ಮೇಲೆ ನಾನೇ ಪಾಲಿಟೆಕ್ನಿಕ್ ಅರ್ಜಿಯ ಮಾತೆತ್ತಿದೆ. ಅಪ್ಪ ಕೈ ತೊಳೆದವರು ಟವೆಲಿನಲ್ಲಿ ಒರೆಸಿಕೊಳ್ಳುತ್ತಲೇ ನಿಂತರು.

“ಸಿವಿಲ್ ಬೇಡ ಪುಟ್ಟಿ. ಪಿಯುಸಿ ಸೈನ್ಸ್ ತಗೋ. ಆಮೇಲೆ ನರ್ಸಿಂಗೋ, ಫಾರ್ಮಸಿಯೋ ನೋಡೋಣ.”

“ಯಾಕಪ್ಪ? ಮೊನ್ನೆ ಹ್ಞೂಂ ಅಂದಿದ್ರಲ್ಲ?”

“ಒಂದು ವರದಿ ಓದಿದೆ. ಇನ್ನು ಐದಾರು ವರ್ಷಕ್ಕೆ ಅಳತೆ ಕೆಲಸ ಎಲ್ಲಾ ಡ್ರೋನು, ಎಐ ಮಾಡ್ತಾವೆ. ಸರ್ವೆಯರೇ ಬೇಕಾಗಲ್ಲ. ಕಣ್ಣಿಗೆ ಕಾಣೋ ಹಳ್ಳಕ್ಕೆ ನಿನ್ನ ನೂಕಾಕೆ ಆಗ್ತದಾ?”

ನಾನು ಎದುರು ಮಾತಾಡಲಿಲ್ಲ. ಅಪ್ಪ ಇಂಥದ್ದನ್ನು ಓದುತ್ತಾರೆ, ನಾನು ಓದುವುದಿಲ್ಲ. ಅವರು ಯಾವುದನ್ನೂ ಪುರಾವೆ ಇಲ್ಲದೆ ಹೇಳುವವರಲ್ಲ. ಈ ಊರಲ್ಲಿ ಎಷ್ಟು ಜನ ಅವರ ಒಂದು ಮಾತಿಗೆ ಕಾದು ಕೂರುತ್ತಾರೆ. ನನಗೆ ಆ ಮಾತು ಮನೆಯಲ್ಲೇ ಸಿಗುತ್ತದೆ. ಅದಕ್ಕೆ ಖುಷಿಪಡಬೇಕು.

ಖುಷಿಯಾಗಲಿಲ್ಲ. ಹಿತ್ತಲಿಗೆ ಹೋಗಿ ಅತ್ತೆ.

ಮೇ 9, ಶುಕ್ರವಾರ

ಆ ವರದಿ ನಾನೂ ಓದುತ್ತೇನೆ ಎಂದೆ. ಕಳಿಸ್ತೀನಿ ಎಂದರು. ಎರಡು ದಿನವಾದ ಮೇಲೆ ಮತ್ತೆ ಕೇಳಿದೆ. ಇಂಗ್ಲಿಷಿನಲ್ಲಿದೆ, ನಿನಗೆ ಕಷ್ಟ ಎಂದರು. ನನಗೆ ಇಂಗ್ಲಿಷಿನಲ್ಲಿ ತೊಂಬತ್ತೊಂದು ಬಂದಿದೆ.

ಅಮ್ಮನ ಫೋನಿನಲ್ಲಿ ಎಐಯನ್ನೇ ಕೇಳಿಬಿಟ್ಟೆ. ನೀನು ಬಂದರೆ ಸರ್ವೆಯರ್ ಕೆಲಸ ಹೋಗುತ್ತದಾ ಎಂದು. ಅದು ಹತ್ತು ಸಾಲಿನಲ್ಲಿ ಹೋಗಬಹುದು ಎಂದಿತು, ಇನ್ನು ಹತ್ತು ಸಾಲಿನಲ್ಲಿ ಹೋಗಲಿಕ್ಕಿಲ್ಲ ಎಂದಿತು, ಕೊನೆಗೆ ನಿನ್ನ ಆಸಕ್ತಿ ಯಾವುದು ಎಂದು ನನ್ನನ್ನೇ ಕೇಳಿತು. ನೆಂಟರ ಮನೆಯ ಹಿರಿಯರ ಹಾಗೆ ಮಾತಾಡುತ್ತದೆ. ಫೋನು ಅಮ್ಮನಿಗೆ ಕೊಟ್ಟು ಹೋಳಿಗೆ ತಿಂದೆ.

ಅಪ್ಪನೇ ಸರಿ ಇರಬೇಕು. ಒಂದೇ ಮಾತು ಹೇಳುತ್ತಾರೆ.

ಮೇ 12, ಸೋಮವಾರ

ಬುದ್ಧ ಪೂರ್ಣಿಮೆ. ಭವನದಲ್ಲಿ ಬಿಳಿ ಸೀರೆ, ಬಿಳಿ ಅಂಗಿ, ಪಾಯಸ. ಅಪ್ಪ ಮಾತಾಡಿದರು. ಹಿರಿಯರು ಹೇಳಿದರೆಂದು ಒಪ್ಪಬೇಡಿ, ಗುರು ಹೇಳಿದನೆಂದು ಒಪ್ಪಬೇಡಿ, ನಿಮ್ಮ ಅನುಭವಕ್ಕೆ ಹಚ್ಚಿ ನೋಡಿ, ಆಮೇಲೆ ಒಪ್ಪಿ ಎಂದು ಬುದ್ಧ ಹೇಳಿದ್ದನ್ನು ತುಂಬ ಚೆನ್ನಾಗಿ ಬಿಡಿಸಿ ಹೇಳಿದರು. ಮುಂದಿನ ಸಾಲಿನಲ್ಲಿದ್ದ ಮುದುಕರೊಬ್ಬರು ಕಣ್ಣೊರೆಸಿಕೊಂಡರು. ನಾನೂ ಅಷ್ಟೇ. ಇಂಥ ಅಪ್ಪ ಎಷ್ಟು ಜನಕ್ಕಿದ್ದಾರೆ?

ಸಂಜೆ ಪಿಯು ಕಾಲೇಜಿನ ಫಾರಂ ತಂದರು. ತುಂಬಿದೆ. ಪಿಸಿಎಂಬಿ. ಫೋಟೊ ಅಂಟಿಸಲು ಗೋಂದು ಇರಲಿಲ್ಲ, ಅನ್ನದಗುಳು ಹಚ್ಚಿದೆ. ಇನ್ನು ಕೊಡುವುದೊಂದು ಬಾಕಿ.

ಮೇ 18, ಭಾನುವಾರ

ಏನು ಬರೆಯಬೇಕೋ ಗೊತ್ತಾಗುತ್ತಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಇವತ್ತು ಚನ್ನಗಿರಿಯಲ್ಲಿ ಶಿಬಿರವಿತ್ತು. ಭವನ ತುಂಬಿತ್ತು. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರೊಬ್ಬರು ಮಗನನ್ನು ಕರೆದುಕೊಂಡು ಬಂದಿದ್ದರು, ಮಂಡಿಯಲ್ಲಿ ಈಗ ಲೆಕ್ಕವನ್ನೂ ಮೊಬೈಲೇ ಮಾಡುತ್ತೆ ಸಾರ್, ಇವನಿಗೆ ಏನು ಓದಿಸಲಿ ಎಂದರು. ಅಪ್ಪ ಆ ಹುಡುಗನ ಹತ್ತಿರ ಅರ್ಧ ಗಂಟೆ ಮಾತಾಡಿದರು. ಆಮೇಲೆ ಶೈಲಾ ಬಂದಳು. ಅವಳು ನನ್ನ ಕ್ಲಾಸಿನವಳೇ, ರಜಕ್ಕೆ ಉಬ್ರಾಣಿಯ ಅಜ್ಜನ ಮನೆಗೆ ಹೋದವಳು ಅಲ್ಲಿಂದ ಬಸ್ಸಿನಲ್ಲಿ ಬಂದಿದ್ದಳು. ನನ್ನನ್ನು ನೋಡಿ ಕಣ್ಣು ಹೊಡೆದು ಅಪ್ಪನ ಮುಂದೆ ಕುಳಿತಳು.

“ಸಾರ್, ನಂಗೆ ಲೆಕ್ಕ ಇಷ್ಟ, ಡ್ರಾಯಿಂಗ್ ಇಷ್ಟ. ಒಂದೇ ಕಡೆ ಕೂರಾಕೆ ಆಗಲ್ಲ ಸಾರ್.”

ಅಪ್ಪ ನಕ್ಕರು. “ಹಂಗಾದ್ರೆ ಸಿವಿಲ್ ಡಿಪ್ಲೊಮಾ ಮಾಡಮ್ಮ. ಸರ್ವೆ ಕಡೆ ಹೋಗು. ಒಳ್ಳೇ ಅವಕಾಶ ಐತೆ.”

ನಾನು ಪ್ರೊಜೆಕ್ಟರಿನ ವೈರು ಸುತ್ತುತ್ತಿದ್ದೆ. ಕೈ ಅಲ್ಲೇ ನಿಂತಿತು.

ಅಲ್ಲಿದ್ದ ಯಾರೋ, ಅದನ್ನು ಡ್ರೋನು ಮಾಡ್ತಾವಂತಲ್ಲ ಸಾರ್ ಎಂದರು. ಅಪ್ಪ ಹೇಳಿದ್ದನ್ನು ಇಲ್ಲಿ ಬರೆದಿಡುತ್ತೇನೆ, ನಾಳೆ ನಾನೇ ಕನಸು ಕಂಡೆ ಎಂದುಕೊಳ್ಳಬಾರದು. “ಡ್ರೋನು ಮ್ಯಾಲಿಂದ ನೋಡ್ತದೆ ಸ್ವಾಮಿ. ಬದುವಿನ ಮ್ಯಾಲೆ ಜಗಳ ಆಡ್ತಾ ನಿಂತ ಇಬ್ರನ್ನ ಒಪ್ಪಿಸಾಕೆ ಮನುಷ್ಯರೇ ಬೇಕು. ಡ್ರೋನು ಹಾರಿಸೋದನ್ನೂ ಈ ಹುಡುಗೀನೇ ಕಲೀತಾಳೆ. ಹೆದರಿಕೊಂಡು ಆರಿಸಬೇಡಿ.” ಆಮೇಲೆ ನೀರು ಕುಡಿದರು. ಚಪ್ಪಾಳೆ ಬಿತ್ತು.

ಹೊಲದಲ್ಲಿ ಕೋಲು ಹಿಡಿದುಕೊಂಡು ನಿಂತಿದ್ದಾಗ ನಾನು ನೋಡಿದ್ದು ಅದು. ಅಣ್ಣತಮ್ಮಂದಿರ ಜಗಳ, ಮೇಡಂ ಒಪ್ಪಿಸಿದ್ದು, ಎಲ್ಲ ಅಪ್ಪನಿಗೆ ಹೇಳಿದವಳು ನಾನು. ನನ್ನ ಮಾತನ್ನೇ ತೆಗೆದು ಶೈಲಾಳ ಕೈಗೆ ಕೊಟ್ಟರು. ಅವಳು ಖುಷಿಯಾಗಿ ನನ್ನನ್ನು ತಬ್ಬಿಕೊಂಡು, ಇಬ್ಬರೂ ಒಂದೇ ಪಾಲಿಟೆಕ್ನಿಕ್ಕಿಗೆ ಹಾಕೋಣ ಕಣೇ ಎಂದಳು. ನಾನು ಪಿಸಿಎಂಬಿ ಎಂದೆ. ಅವಳ ಮುಖ ನೋಡಬೇಕಿತ್ತು.

ಬಸ್ಸಿನಲ್ಲಿ ಕೇಳಿದೆ. “ಶೈಲಾಗೆ ಯಾಕೆ ಹಂಗೆ ಹೇಳಿದ್ರಿ?”

“ಅವಳ ಪರಿಸ್ಥಿತಿ ಬೇರೆ.”

“ಏನು ಬೇರೆ?”

ಕಿಟಕಿಯ ಕಡೆ ತಿರುಗಿ ನಿದ್ದೆ ಬಂದವರಂತೆ ಮಾಡಿದರು. ನಿದ್ದೆ ಮಾಡುವಾಗ ಅಪ್ಪನ ಬಾಯಿ ತೆರೆದಿರುತ್ತದೆ. ಇವತ್ತು ತೆರೆದಿರಲಿಲ್ಲ.

ಮೇ 19, ಸೋಮವಾರ

ಫಾರಂ ಕೊಡಲಿಲ್ಲ. ಹೊಟ್ಟೆನೋವು ಎಂದೆ.

ಮೇ 22, ಗುರುವಾರ

ಅಜ್ಜಿ ಬಂದಿದೆ. ದಾವಣಗೆರೆಯಲ್ಲಿ ಕಣ್ಣು ತೋರಿಸಿಕೊಂಡು, ಹಾಗೇ ಬಸ್ಸು ಹತ್ತಿ ನಮ್ಮ ಮನೆಗೆ ಬಂತು. ಅಪ್ಪ ಶಾಲೆಯ ದಾಖಲಾತಿ ಕೆಲಸಕ್ಕೆ ನ್ಯಾಮತಿಗೆ ಹೋಗಿದ್ದರು. ಅಮ್ಮ ರೊಟ್ಟಿ ಬಡಿಯುತ್ತಿದ್ದಳು. ಅಜ್ಜಿ ನನ್ನ ಪಕ್ಕ ಕುಳಿತು ಸೊಂಟದಿಂದ ಕುಂಕುಮದ ಪೊಟ್ಟಣ ತೆಗೆದು ಹಣೆಗೆ ಹಚ್ಚಿತು.

“ಯಾವ ಕಾಲೇಜು ಅಂತ ಆತೇನವ್ವಾ?”

ಇನ್ನೂ ಇಲ್ಲ ಅಜ್ಜಿ, ಅಪ್ಪ ಸಿವಿಲ್ ಬೇಡ ಅಂತಾರೆ, ನನಗೆ ಅದೇ ಬೇಕು ಎಂದೆ.

“ಬ್ಯಾಡ ಬಿಡವ್ವ. ದುರ್ಗಮ್ಮ ಎಡಕ್ಕೆ ಹೂವು ಕೊಟ್ಟ ಮ್ಯಾಲೆ ಯಾಕೆ ಹಟ ಮಾಡ್ತೀಯ?”

ನನಗೆ ಅರ್ಥವಾಗಲಿಲ್ಲ. ಯಾರು ಕೇಳಿದ್ದು ಎಂದೆ. ನೀನೇ ಕೇಳಿಸಿದ್ಯಾ ಎಂದೆ.

“ನಾನ್ಯಾಕೆ ಕೇಳಿಸ್ಲಿ, ನಿಮ್ಮಪ್ಪನ ಕೈಲಿ ಬೈಸಿಕೊಳ್ಳಾಕಾ? ನಿಮ್ಮಪ್ಪನೇ ಕೇಳಿದ್ದು. ಮೀಟಿಂಗು ಮುಗಿಸ್ಕಂಡು ಬಂದೋನು, ಬೆಳಿಗ್ಗೆ ಎದ್ದು ತಣ್ಣೀರು ಹೊಯ್ಕಂಡು, ತಿಪ್ಪೇಶಿನ ಕರ್ಕಂಡು ಗುಡಿಗೆ ಹೋದ. ನಂಗೆ ಕಣ್ಣಾಗೆ ನೀರು ಬಂತು ನೋಡು. ಹದಿನಾರು ವರ್ಷದ ಹುಡುಗ ಇದ್ದಾಗ ಬಂದೋನು, ಈಗ ಬಂದ. ಚಿಕ್ಕ ಹುಡುಗರಂಗೆ ಕೈ ಮುಗ್ದು ನಿಂತಿದ್ದ.”

ಅಮ್ಮನ ಕೈಯ ರೊಟ್ಟಿ ನಿಂತಿತು. ಅವಳಿಗೂ ಗೊತ್ತಿರಲಿಲ್ಲ ಎಂದು ಆಗ ಗೊತ್ತಾಯಿತು.

“ಎಡಕ್ಕೆ ಹೆಂಗೆ ಬಿತ್ತು ಅಜ್ಜಿ?”

“ಹೆಂಗೆ ಬಿತ್ತು ಅಂದ್ರೆ? ಅಮ್ಮ ಕೊಟ್ಲು. ಸೆಕೆ ಅಂತ ಗುಡಿಗೆ ಹೊಸ ಫ್ಯಾನು ಹಾಕ್ಸ್ಯಾರೆ, ತಣ್ಣಗೆ ಗಾಳಿ ಬರ್ತಿತ್ತು, ನಿಂತ ಗಳಿಗೆಯಾಗೆ ಕೊಟ್ಟೇಬಿಟ್ಲು. ನಿಮ್ಮಪ್ಪ ಹೂವು ಜೇಬಿನಾಗೆ ಇಟ್ಕಂಡು ಹೋದ.”

ಹೊಸ ಫ್ಯಾನು. ವಿಜ್ಞಾನದ ಮೇಷ್ಟ್ರು ನಿಂತ ಜಾಗದಲ್ಲಿ ಫ್ಯಾನು ತಿರುಗುತ್ತಿತ್ತು, ಒದ್ದೆ ಹೂವು ಒಂದು ಕಡೆ ಬೇಗ ಒಣಗಿ ಬಿತ್ತು, ಅದಕ್ಕೆ ನಾನು ನರ್ಸ್ ಆಗಬೇಕು.

ವರದಿ ಯಾವುದೂ ಇಲ್ಲ. ಇರಲೇ ಇಲ್ಲ. ನಾನು ನಾಚಿಕೆಯಿಲ್ಲದೆ ಅದನ್ನು ಕಳಿಸಿ ಕಳಿಸಿ ಎಂದು ಕೇಳುತ್ತಿದ್ದೆ, ಅವರು ಇಂಗ್ಲಿಷು ನಿನಗೆ ಕಷ್ಟ ಎಂದು ಹೇಳುತ್ತಿದ್ದರು. ಅಜ್ಜಿಯ ಮೇಲೆ ನನಗೆ ಸಿಟ್ಟಿಲ್ಲ. ಅಜ್ಜಿ ಯಾವತ್ತೂ ಹೂವನ್ನು ಹೂವು ಎಂದೇ ಹೇಳಿಕೊಂಡು ಬಂದಿದೆ.

ಮೇ 23, ಶುಕ್ರವಾರ

ಅಪ್ಪ ಬೈಕು ತೊಳೆಯುತ್ತಿದ್ದರು. ಅಜ್ಜಿಯನ್ನು ಬಸ್ಸಿಗೆ ಹತ್ತಿಸಿ ಬಂದ ಮೇಲೆ ಕೇಳಬೇಕೆಂದು ಇಷ್ಟು ಹೊತ್ತು ಹಲ್ಲು ಕಚ್ಚಿಕೊಂಡಿದ್ದೆ.

“ಯಾವ ವರದಿ ಅಪ್ಪ?”

“ಯಾವುದು?”

“ದುರ್ಗಮ್ಮನ ಗುಡಿಯಾಗೆ ಓದಿದ್ರಲ್ಲ, ಅದು.”

ಪೈಪಿನ ನೀರು ಹರಿಯುತ್ತಲೇ ಇತ್ತು. ನಲ್ಲಿ ನಿಲ್ಲಿಸಿದವಳು ನಾನು. ಅಪ್ಪ ಸ್ಟೂಲಿನ ಮೇಲೆ ಕುಳಿತರು. ಬಾಯಿ ಮಾಡುತ್ತಾರೆ, ಅಜ್ಜಿಯನ್ನು ಬೈಯುತ್ತಾರೆ, ಸುಳ್ಳು ಎನ್ನುತ್ತಾರೆ ಎಂದು ಏನೇನೋ ತಯಾರಾಗಿ ಹೋಗಿದ್ದೆ. ಒಂದೂ ಆಗಲಿಲ್ಲ.

“ಅವತ್ತು ಜಗಳೂರಾಗೆ ಒಬ್ಬ ಬಂದಿದ್ದ ಪುಟ್ಟಿ. ಹಳೇ ವಿದ್ಯಾರ್ಥಿ. ಐದು ವರ್ಷದ ಹಿಂದೆ ಕಂಪ್ಯೂಟರ್ ಡಿಪ್ಲೊಮಾ ಮಾಡು ಅಂತ ನಾನೇ ಹೇಳಿದ್ದೆ. ಇದ್ದ ಕೆಲಸ ಹೋಗಿ ಮನೇಲಿ ಕೂತಾನೆ. ಬೈಯಾಕೆ ಬಂದಿರಲಿಲ್ಲ. ಈಗೇನು ಮಾಡ್ಲಿ ಸಾರ್ ಅಂತ ಕೇಳಾಕೆ ಬಂದಿದ್ದ. ಮತ್ತೆ ನನ್ನನ್ನೇ.” ಕೈಯ ಸೋಪು ಒಣಗುತ್ತಿತ್ತು. “ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ನಿನಗೂ ಹಿಂಗೇ ಹೇಳಿ ತಪ್ಪಾದ್ರೆ? ಮುಂದೆ ಏನಾಗ್ತದೋ ನಂಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಯಾರಾದ್ರೂ ಒಬ್ರು ಹೌದು ಇಲ್ಲ ಅಂತ ಹೇಳಿಬಿಡ್ಲಿ ಅನ್ನಿಸ್ತು.”

“ಅಲ್ಲಿ ಫ್ಯಾನು ತಿರುಗ್ತಿತ್ತಲ್ಲ?”

“ಗೊತ್ತಿತ್ತು.”

“ಗೊತ್ತಿತ್ತಾ?”

“ಫ್ಯಾನು ಆರಿಸಿ ಇನ್ನೊಂದು ಸಲ ಕೇಳಾಕೆ ಧೈರ್ಯ ಬರಲಿಲ್ಲ ಪುಟ್ಟಿ.”

ನನಗೆ ಅಯ್ಯೋ ಅನ್ನಿಸಬೇಕಿತ್ತು. ಒಂದು ಗಳಿಗೆ ಅನ್ನಿಸಿತು ಕೂಡ. ಆಮೇಲೆ ಶೈಲಾ ನೆನಪಾದಳು. ಕಣ್ಣು ಹೊಡೆದು ಬಂದು ಕುಳಿತದ್ದು, ತಬ್ಬಿಕೊಂಡದ್ದು.

“ಮತ್ತೆ ಶೈಲಾಗೆ ಹೆಂಗೆ ಹೇಳಿದ್ರಿ? ಅವಳ ಹೂವು ಯಾರು ಕೇಳಿದ್ರು?”

ಅಪ್ಪ ಕೈಯ ಸೋಪನ್ನು ಬಟ್ಟೆಗೆ ಒರೆಸಿಕೊಂಡರು. “ಬೇರೆ ಮಕ್ಕಳಿಗೆ ಹೇಳೋವಾಗ ನಂಗೆ ಹೆದರಿಕೆ ಆಗಲ್ಲ” ಎಂದರು.

ಅದನ್ನು ಅವರು ನನ್ನ ಮೇಲಿನ ಪ್ರೀತಿ ಎಂದು ಹೇಳಿದರು. ನನಗೆ ಹಾಗೆ ಕೇಳಿಸಲಿಲ್ಲ. ನಾಲ್ಕು ತಾಲ್ಲೂಕಿನ ಮಕ್ಕಳಿಗೆ, ನನ್ನ ಗೆಳತಿಗೆ, ಹೆದರಬೇಡಿ ಎಂದು ಹೇಳುತ್ತಾ ಬಂದದ್ದು ಅವರಿಗೆ ಧೈರ್ಯವಿತ್ತು ಎಂದಲ್ಲ, ಆ ಮಕ್ಕಳು ತಮ್ಮವರಲ್ಲ ಎಂದು. ಆ ಚಪ್ಪಾಳೆಯಲ್ಲಿ ನನ್ನದೂ ಇತ್ತು. ನಾನು ಮೋಸ ಹೋದದ್ದು ಈ ತಿಂಗಳಲ್ಲ, ಪ್ರೊಜೆಕ್ಟರು ಹೊರುವುದಕ್ಕೆ ಶುರುಮಾಡಿದ ದಿನದಿಂದ.

ಮೇ 27, ಮಂಗಳವಾರ

ಅಪ್ಪನ ಜೊತೆ ಮಾತಿಲ್ಲ. ಊಟಕ್ಕೆ ಕರೆಯುವುದು ಅಮ್ಮನ ಮೂಲಕ. ಅಮ್ಮನೂ ಅಷ್ಟೇನೂ ಮಾತಾಡುತ್ತಿಲ್ಲ. ಹೊಸ ಬೈಕಿಗೆ ಒಂದು ತೆಂಗಿನಕಾಯಿ ಒಡೆಯಲು ಬಿಡದ ಗಂಡ, ತಣ್ಣೀರು ಹೊಯ್ದುಕೊಂಡು ಗುಡಿಗೆ ಹೋದದ್ದು ಅವಳಿಗೂ ಚುಚ್ಚಿದೆ. “ನಿಮ್ಮಪ್ಪ ಮನಸ್ಸು ಬದಲಾಯಿಸ್ತಾರೆ, ತಡಿ” ಎಂದಳು. ನಾನು ಅದಕ್ಕೆ ಕಾಯುತ್ತಿಲ್ಲ ಎಂದೆ. ಪಾಲಿಟೆಕ್ನಿಕ್‌ಗಳ ಹೆಸರು, ಹಾಸ್ಟೆಲ್, ಬಸ್ಸಿನ ವೇಳೆ ಎಲ್ಲ ನಾನೇ ಫೋನು ಮಾಡಿ ಕೇಳಿದೆ. ದುರ್ಗಾಂಬಿಕಾ ಮೇಡಂಗೂ ಮಾಡಿದೆ. ಮುಂದೆ ಹೇಗಿರುತ್ತದೋ ನನಗೆ ಗೊತ್ತಿಲ್ಲಮ್ಮ, ಮಷೀನು ಬಂದ ಮೇಲೆ ನಾಲ್ಕು ಜನ ಮಾಡುವುದನ್ನು ಇಬ್ಬರು ಮಾಡುತ್ತಿದ್ದೇವೆ, ಆ ಇಬ್ಬರಲ್ಲಿ ಒಬ್ಬಳಾಗುತ್ತೀಯಾ ನೋಡಿಕೋ ಎಂದರು. ಈ ತಿಂಗಳು ನನಗೆ ಯಾರಾದರೂ ಗೊತ್ತಿಲ್ಲ ಎಂದು ಮೊದಲೇ ಹೇಳಿದ್ದು ಇದೊಂದೇ ಸಲ.

ಜೂನ್ 1, ಭಾನುವಾರ

ಹೊನ್ನಾಳಿ ಶಿಬಿರ. ಹೋಗಬಾರದು ಎಂದುಕೊಂಡಿದ್ದೆ. ಆದರೆ ಪ್ರೊಜೆಕ್ಟರು ನನ್ನನ್ನು ಬಿಟ್ಟರೆ ಯಾರಿಗೂ ಬಗ್ಗುವುದಿಲ್ಲ, ಬಂದ ಮಕ್ಕಳು ಏನು ಪಾಪ ಮಾಡಿದ್ದಾರೆ ಎಂದು ಹೋದೆ. ಇವತ್ತಾದರೂ ಅಪ್ಪ ಬೇರೆ ಮಾತಾಡುತ್ತಾರೇನೋ ಎಂದು ಒಳಗೊಳಗೇ ಇತ್ತು. ಇಲ್ಲ. ಅದೇ ಭಾಷಣ. ಹೆದರಿಕೊಂಡು ಆರಿಸಬೇಡಿ ಎನ್ನುವಾಗ ನನ್ನ ಕಡೆ ನೋಡಲಿಲ್ಲ, ಅಷ್ಟೇ ವ್ಯತ್ಯಾಸ. ನೀರು ಕುಡಿದರು. ನಾನು ಚಪ್ಪಾಳೆ ತಟ್ಟಲಿಲ್ಲ.

ಪ್ರಶ್ನೆ ಕೇಳುವಾಗ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಅಜ್ಜಮ್ಮ ಎಂದು ಹೆಸರು. ಭತ್ತದ ಗದ್ದೆ ಕೂಲಿಗೆ ಹೋಗುವವರು, ಪಕ್ಕದಲ್ಲಿ ಮಗಳು ಸುನೀತಾ.

“ಸಾರ್, ಎಲ್ಲಾ ಹೇಳಿದ್ರಿ. ನಿಮ್ ಮಗಳಿಗೆ ಏನು ಕೊಡಿಸಿದ್ರಿ? ಅದನ್ನ ಹೇಳಿಬಿಡ್ರಿ, ನಮಗೆ ಅಷ್ಟು ಸಾಕು.”

ಇಡೀ ಭವನ ನಕ್ಕಿತು. ಅಪ್ಪನೂ ನಕ್ಕರು. ಮೈಕು ಹಿಡಿದ ಕೈ ಒಂದು ಸಲ ಕೆಳಗೆ ಹೋಯಿತು. ಆಗ ನನ್ನೊಳಗೆ ಏನು ಹೊಕ್ಕಿತೋ, ಹೋಗಿ ಆ ಮೈಕು ತೆಗೆದುಕೊಂಡೆ.

“ಸಿವಿಲ್ ಡಿಪ್ಲೊಮಾ” ಎಂದೆ. “ಅಪ್ಪನೇ ಸೇರಿಸ್ತಿದ್ದಾರೆ. ಸರ್ವೆ ಕೆಲಸ ಯಾವ ಮಷೀನಿಗೂ ಹೋಗಲ್ಲ. ಅಲ್ವಾ ಅಪ್ಪ?”

ಇಷ್ಟು ಜನದ ಮುಂದೆ ಇಲ್ಲ ಎನ್ನುವುದು ಹೇಗೆ? ಅಪ್ಪ ನನ್ನನ್ನು ನೋಡಿದರು. “ಹೌದು” ಎಂದರು. “ಯೋಚನೆ ಮಾಡೇ ಸೇರಿಸ್ತಿದ್ದೀನಿ.”

ಎಷ್ಟು ಸಲೀಸಾಗಿ ಬಂತು. ನಾನು ಗೆದ್ದೆ, ಆದರೆ ಆ ದನಿ ನನಗೆ ಗೊತ್ತಿತ್ತು. ಅವರು ಶೈಲಾಗೆ ಹೇಳಿದ್ದೂ, ನನಗೆ ಬೇಡ ಎಂದದ್ದೂ ಇದೇ ದನಿಯಲ್ಲಿ.

ಎಲ್ಲ ಮುಗಿದು ಬ್ಯಾನರ್ ಬಿಚ್ಚುತ್ತಿದ್ದಾಗ ಸುನೀತಾ ಹತ್ತಿರ ಬಂದಳು. ಅವಳ ಅವ್ವ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದರು.

“ಅಕ್ಕಾ, ನಂಗೆ ಕಾಮರ್ಸ್ ಓದಾಕೆ ಆಸೆ ಇತ್ತು. ಈಗ ನಮ್ಮವ್ವ ಸಿವಿಲ್ಲೇ ಅಂತ ಕೂತೈತೆ. ಮೇಷ್ಟ್ರ ಮಗಳೇ ತಗಂಡಾಳೆ ಅಂತ.”

ಆ ಹುಡುಗಿಯ ಮುಖ ನೋಡಲಾಗಲಿಲ್ಲ. ಅಪ್ಪ ಎರಡು ಹೆಜ್ಜೆ ಆಚೆ ಕುರ್ಚಿ ಜೋಡಿಸುತ್ತಿದ್ದರು, ಕೇಳಿಸಿತ್ತು, ಇನ್ನೊಂದು ಕುರ್ಚಿ ಎತ್ತಿಕೊಂಡರು. ನಾನೇ ಅಜ್ಜಮ್ಮನ ಹತ್ತಿರ ಹೋದೆ.

“ಅವ್ವಾ, ನಾನು ಮೈಕಿನಲ್ಲಿ ಹೇಳಿದ್ದು ನಂಬಬೇಡ್ರಿ. ನಾನಿನ್ನೂ ಎಲ್ಲೂ ಸೇರಿಲ್ಲ. ನಮ್ಮಪ್ಪಗೆ ಅದು ಇಷ್ಟ ಇಲ್ಲ, ಜನರ ಮುಂದೆ ಹೂಂ ಅನ್ನಿಸಾಕೆ ಹಂಗೆ ಹೇಳ್ದೆ. ಮಷೀನಿಗೆ ಹೋಗತೈತೋ ಇಲ್ಲೋ ನಂಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಸುನೀತಾನ್ನ ಕೇಳ್ರಿ.”

ಅಜ್ಜಮ್ಮ ಒಂದು ಚಪ್ಪಲಿ ಕಾಲಲ್ಲಿ, ಒಂದು ಕೈಯಲ್ಲಿ, ಹಾಗೇ ನಿಂತರು. ನನ್ನನ್ನು ನೋಡಿದರು, ಅಪ್ಪನನ್ನು ನೋಡಿದರು.

“ಹಂಗಾರೆ ಬೆಳಿಗ್ಗಿಂದ ನಾವು ಕೇಳಿದ್ದೇನವ್ವ?”

ಬೈದು ಕೇಳಲಿಲ್ಲ. ತಿಳಿದುಕೊಳ್ಳುವುದಕ್ಕೆ ಕೇಳಿದರು. ಒಂದು ದಿನದ ಕೂಲಿ ಬಿಟ್ಟು ಬಂದಿದ್ದರು. ಅವರು ಕೇಳಿದ್ದು ಅಪ್ಪನನ್ನಲ್ಲ, ನನ್ನನ್ನು. ಇನ್ನೊಂದು ಚಪ್ಪಲಿಯನ್ನೂ ಹಾಕಿಕೊಂಡರು. ಮಗಳ ಕೈ ಹಿಡಿದುಕೊಂಡು ಹೊರಟುಹೋದರು.

ಮನೆಗೆ ನಡೆದು ಬಂದೆವು. ದಾರಿಯಲ್ಲಿ ಅಪ್ಪ, “ನಾಳೆ ನಿನ್ನ ಅರ್ಜಿ ಹಾಕೋಣ” ಎಂದರು. ಹ್ಞೂಂ ಎಂದೆ.

ಜೂನ್ 2, ಸೋಮವಾರ

ಬೆಳಗ್ಗೆ ಅರ್ಜಿ ಹಾಕಿದೆ. ಲ್ಯಾಪ್‌ಟಾಪ್ ನನ್ನ ಮುಂದೆ, ಅಪ್ಪ ಎದುರಿಗೆ. ಸಿವಿಲ್ ಎಂದು ಒತ್ತಿದೆ. ಕೊನೆಯಲ್ಲಿ ಒಟಿಪಿ ಕೇಳಿತು, ಅದು ಅಪ್ಪನ ಫೋನಿಗೆ ಬಂತು. ಅಪ್ಪ ಕನ್ನಡಕ ಹಾಕಿಕೊಂಡು ಒಂದೊಂದೇ ಅಂಕಿ ಬಿಡಿಸಿ ಹೇಳಿದರು. ಹಾಕಿದೆ.

ಸಬ್ಮಿಟ್ ಒತ್ತುವ ಮುಂಚೆ, ಕೊಡಿ ಇಲ್ಲಿ ಎಂದು ಫೋನು ಇಸಿದುಕೊಂಡು, ಅವರು ಹೇಳಿದ ಅಂಕಿ ಸರಿ ಇದೆಯಾ ಎಂದು ನಾನೇ ನೋಡಿದೆ. ಸರಿ ಇತ್ತು. ಸಬ್ಮಿಟ್ ಒತ್ತಿ, ಫೋನು ಹಿಂದಕ್ಕೆ ಕೊಡಲು ಹೋದೆ. ಅಪ್ಪ ಯಾಕೋ ಅದನ್ನು ತೆಗೆದುಕೊಳ್ಳಲು ಕೈ ಚಾಚಲಿಲ್ಲ. ಮೇಜಿನ ಮೇಲೆ ಇಟ್ಟು ಬಂದೆ.